ಕೂತ ಕಡೆಯ ಮಾತು

ಮುಳ್ಳೇರಿಯದ ಮಹೇಶ್ವರ ಭಟ್ಟರನ್ನು ಮಾತಿನಲ್ಲಿ ಸೋಲಿಸಿದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಇದ್ದರೆ ಅವರ ಹೆಂಡತಿ ಶಂಕರಿಯಮ್ಮ ಒಬ್ಬಳೇ. ಆದರೆ ಆಕೆ ಸೋಲಿಸುತ್ತಿದ್ದುದು ಮಾತಾಡದೆ.

ತಾಳಮದ್ದಲೆಯಲ್ಲಿ ಭಟ್ಟರು ಯಾವ ಪಾತ್ರಕ್ಕೆ ಕೂತರೂ ನ್ಯಾಯ ಆ ಕಡೆಗೇ ವಾಲುತ್ತಿತ್ತು. ಈ ವಾರ ರಾಜನಾಗಿ ಕೂತು ದೂತನ ಬಾಯಿ ಮುಚ್ಚಿಸಿದರೆ, ಮುಂದಿನ ವಾರ ಅದೇ ಪ್ರಸಂಗದಲ್ಲಿ ದೂತನಾಗಿ ಕೂತು ರಾಜನ ತಲೆ ತಗ್ಗಿಸುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಚಾಪೆಯಲ್ಲಿ ಕೂತವರು ಕೂತಲ್ಲಿಂದಲೇ ಆ ಪಾತ್ರವಾಗಿ ಮಾತಾಡಬೇಕು, ಅಷ್ಟೇ. ಆ ಮಾತಿಗೆ ಅರ್ಥ ಎಂದು ಹೆಸರು. ಅರ್ಥ ಹೇಳುವವನು ಕೊಟ್ಟ ಪಾತ್ರವನ್ನು ಬೇಡ ಎನ್ನಬಾರದು. "ನನಗೆ ಆ ಕಡೆ ಬೇಡ, ಈ ಕಡೆ ಕೊಡಿ ಅಂತ ಕೇಳುವವ ಅರ್ಥಧಾರಿಯೋ, ಮದುವೆಗೆ ಬಂದು ಪಾಯಸದ ಪಾತ್ರೆಯ ಹತ್ತಿರವೇ ಎಲೆ ಹುಡುಕುವವನೋ?" ಎಂದು ಭಟ್ಟರೇ ಒಮ್ಮೆ ತುಂಬಿದ ಸಭೆಯನ್ನು ನಗಿಸಿದ್ದರು.

ಅಂಥ ಭಟ್ಟರು ಸೊಸೆ ತುಂಗಾಳ ಪುಸ್ತಕದ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು.

ತುಂಗಾ ಮಂಗಳೂರಿನಲ್ಲಿ ಬಿ.ಎ. ಮುಗಿಸಿದವಳು. ಭಟ್ಟರ ಒಬ್ಬನೇ ಮಗ ಗೌರೀಶಂಕರ ಅಲ್ಲಿಯೇ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ. ಹೆಂಡತಿಗೆ ಸೀರೆ ತರುವುದನ್ನು ಮರೆತರೂ ಕಾದಂಬರಿ ತರುವುದನ್ನು ಮರೆಯದವನು. ಮದುವೆಯಾಗಿ ಎರಡನೆಯ ವರ್ಷ ಅವನು ವಿಷಮಜ್ವರದಲ್ಲಿ ತೀರಿಕೊಂಡ. ತುಂಗಾ ಎರಡು ತಗಡಿನ ಪೆಟ್ಟಿಗೆಗಳೊಂದಿಗೆ ಅತ್ತೆ ಮಾವನ ಮನೆಗೆ ಬಂದಳು. ಒಂದರಲ್ಲಿ ಬಟ್ಟೆ, ಒಂದರಲ್ಲಿ ಪುಸ್ತಕ. ಅವಳ ತಲೆ ಬೋಳಿಸುವ ಮಾತನ್ನು ನೆಂಟರು ಎತ್ತಿದಾಗ ಶಂಕರಿಯಮ್ಮ, "ಆಗಬಹುದು, ಕ್ಷೌರದವನು ಮೊದಲು ನನ್ನ ತಲೆಯಿಂದ ಶುರು ಮಾಡಲಿ" ಎಂದು ಜಗಲಿಗೆ ಮಣೆ ತಂದು ಹಾಕಿದ್ದಳು. ಆ ಮಾತು ಅಲ್ಲಿಗೆ ನಿಂತಿತು.

ತುಂಗಾ ಅಳಲಿಲ್ಲ. ನೆರೆಕರೆಯವರಿಗೆ ಇದೊಂದು ದೊಡ್ಡ ಚಿಂತೆಯಾಯಿತು. "ಕಾಲೇಜು ಕಲಿತವಳಲ್ವೋ, ಕಣ್ಣೀರನ್ನೂ ಇಂಗ್ಲಿಷಿನಲ್ಲೇ ಹಾಕುವುದೋ ಏನೋ, ನಮಗೆ ಕಾಣುವುದಿಲ್ಲ" ಎಂದರು. ಅವಳು ಅಕ್ಕಿ ಆರಿಸಿದಳು, ಪಾತ್ರೆ ತೊಳೆದಳು, ಕರೆದಾಗ ಹೂಂ ಎಂದಳು. ಒಳಗೆ ಏನಾಗುತ್ತಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಚಳಿಗೆ ಜೋಮು ಹಿಡಿದ ಕಾಲಿನ ಹಾಗೆ, ಇದೆ ಎಂದು ಗೊತ್ತು, ಇದೆ ಎಂದು ಅನಿಸುವುದಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹಿತ್ತಿಲ ಮೆಟ್ಟಿಲಲ್ಲಿ ಕೂತು ಕಾದಂಬರಿ ಓದುತ್ತಿದ್ದವಳ ಕಣ್ಣಿನಿಂದ ನೀರು ಇಳಿದು ಪುಟ ಒದ್ದೆಯಾಯಿತು. ಅದನ್ನು ಭಟ್ಟರು ನೋಡಿದರು.

"ಯಾರು ಸತ್ತದ್ದು ಅದರಲ್ಲಿ?"

"ಯಾರೂ ಸಾಯಲಿಲ್ಲ ಮಾವ. ಸರಯೂ ಅಂತ ಒಬ್ಬಳು ಮನೆ ಬಿಟ್ಟು ದೋಣಿ ಹತ್ತುತ್ತಾಳೆ."

ಭಟ್ಟರ ಮುಖ ಕಪ್ಪಾಯಿತು. "ನನ್ನ ಮಗನಿಗೆ ಬಾರದ ಕಣ್ಣೀರು ಯಾರೋ ಇಲ್ಲದ ಸರಯೂವಿಗೆ ಬಂತೋ?" ಎಂದರು. ಅಷ್ಟೇ. ಅವತ್ತು ಸಂಜೆ ಪೆಟ್ಟಿಗೆ ಮಾಳಿಗೆಗೆ ಹೋಯಿತು, ಬೀಗ ಬಿತ್ತು. ವಿಷು ಹಬ್ಬಕ್ಕೆ ವಿಟ್ಲದಿಂದ ಬರುವ ಸೋದರಳಿಯ ವೆಂಕಟಕೃಷ್ಣನ ಗಾಡಿಯಲ್ಲಿ ಅದು ಮನೆಯಿಂದಲೇ ಹೋಗಲಿ, ಅವನ ಓದುವ ಮಗನಿಗಾದರೂ ಆದೀತು ಎಂದು ತೀರ್ಮಾನವೂ ಆಯಿತು.

ತುಂಗಾ ಎದುರು ಮಾತಾಡಲಿಲ್ಲ. ಮಾವನೊಂದಿಗೆ ವಾದ ಮಾಡುವುದೆಂದರೆ ಮೊಸಳೆಯೊಂದಿಗೆ ನೀರಿನಲ್ಲಿ ಕುಸ್ತಿ ಎಂದು ಅವಳಿಗೆ ಗೊತ್ತಿತ್ತು. ಮೊಸಳೆಯೇ ತನ್ನ ಕಡೆಗೆ ಬಂದು ಕೂರಬೇಕಾದರೆ ಏನು ಮಾಡಬೇಕು ಎಂದು ಮಾತ್ರ ಅವಳು ಯೋಚಿಸಿದಳು. ತುಂಬ ದಿನದ ಮೇಲೆ ಅವಳು ಯೋಚಿಸಿದ್ದು ಅದೊಂದನ್ನೇ.

ದಾರಿ ತಾನಾಗಿಯೇ ಜಗಲಿಗೆ ಬಂತು. ಎಲಿಮೆಂಟರಿ ಶಾಲೆಯ ಕಿಟ್ಟಣ್ಣ ಮಾಸ್ಟ್ರು ಊರಿನಲ್ಲಿ ಒಂದು ವಾಚನಾಲಯ ನಡೆಸುತ್ತಿದ್ದರು. ತಿಂಗಳಿಗೊಂದು ಭಾನುವಾರ ಅಲ್ಲಿ ವಿದ್ವಾಂಸರ ಚರ್ಚೆ. ಚರ್ಚೆ ಎಂದರೆ ಬೇರೆ ಊರಿನಲ್ಲಿ ಹೇಗೋ, ಮುಳ್ಳೇರಿಯದಲ್ಲಿ ಅದಕ್ಕೂ ತಾಳಮದ್ದಲೆಯ ಕ್ರಮವೇ. ಎರಡು ಚಾಪೆ ಹಾಕುವುದು, ಇವರಿಗೆ ಈ ಕಡೆ, ಅವರಿಗೆ ಆ ಕಡೆ ಎಂದು ಮಾಸ್ಟ್ರೇ ಹಂಚುವುದು, ಕೂತವರು ಆ ಕಡೆಯನ್ನು ಪ್ರಾಣವಿಟ್ಟು ಸಾಧಿಸುವುದು. ನಿಮ್ಮ ಸ್ವಂತ ಅಭಿಪ್ರಾಯ ಏನು ಎಂದು ಕೇಳುವ ಅವಿವೇಕವನ್ನು ಅಲ್ಲಿ ಯಾರೂ ಮಾಡುತ್ತಿರಲಿಲ್ಲ.

"ಭಟ್ರೇ, ಈ ಸಲ ಹೊಸ ವಿಷಯ" ಎಂದರು ಕಿಟ್ಟಣ್ಣ ಮಾಸ್ಟ್ರು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು. "ಕಾದಂಬರಿ ಓದುವುದರಿಂದ ಕೇಡೇ ಹೊರತು ಗುಣವಿಲ್ಲ. ಇದರ ಮೇಲೆ ವಾದ. ಕುಂಬ್ಡಾಜೆಯ ಪುರುಷೋತ್ತಮ ಶ್ಯಾನುಭಾಗರು ಬರ್ತೇನೆ ಅಂದಿದ್ದಾರೆ."

ಶ್ಯಾನುಭಾಗರ ಹೆಸರು ಕೇಳಿದರೆ ಭಟ್ಟರಿಗೆ ಎಲೆಯಡಿಕೆ ರುಚಿಸುತ್ತಿರಲಿಲ್ಲ. ಸೀಮೆಯಲ್ಲಿ ತಮ್ಮ ಎದುರು ಕೂರಬಲ್ಲ ಮನುಷ್ಯ ಅವನೊಬ್ಬನೇ ಎಂಬುದು ಅವರಿಗೆ ಗೊತ್ತಿದ್ದದ್ದೇ ಅದಕ್ಕೆ ಕಾರಣ.

"ಬರಲಿ ಬರಲಿ. ಕೇಡು ಅಂತ ಸಾಧಿಸುವುದಕ್ಕೆ ನನಗೆ ತಯಾರಿಯೂ ಬೇಡ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳ್ತೇನೆ."

ನೀರಿನ ಚೊಂಬು ಇಟ್ಟು ಒಳಗೆ ಬಂದ ತುಂಗಾ ಬಾಗಿಲ ಹಿಂದೆಯೇ ನಿಂತಳು. ಅಲ್ಲಿ ಶಂಕರಿಯಮ್ಮ ಹಲಸಿನ ಸೊಳೆ ಬಿಡಿಸುತ್ತಿದ್ದಳು.

"ಅತ್ತೆ, ಹಾಗಾದರೆ ಆ ಶ್ಯಾನುಭಾಗರು ಹೇಳಿದ್ದು ಸರಿಯೇ" ಎಂದಳು ತುಂಗಾ. ಪಿಸುಮಾತೇ. ಆದರೆ ಜಗಲಿಯ ತನಕ ನಡೆದು ಹೋಗುವಷ್ಟು ಬಲವುಳ್ಳ ಪಿಸುಮಾತು.

"ಎಂತ ಹೇಳಿದ?"

"ಭಟ್ಟರಿಗೆ ವಯಸ್ಸಾಯಿತು, ಪಾಪ, ಸುಲಭದ ಕಡೆ ಕೊಡಿ, ಕಾದಂಬರಿಯ ಪರ ಮಾತಾಡ್ಲಿಕ್ಕೆ ಅವರಿಂದ ಇನ್ನು ಆಗ್ಲಿಕ್ಕಿಲ್ಲ ಅಂತ."

ಶಂಕರಿಯಮ್ಮ ಸೊಸೆಯ ಮುಖ ನೋಡಿದಳು. ಈ ಹುಡುಗಿ ಅಂಗಳ ದಾಟದೆ ತಿಂಗಳುಗಳಾದವು. ಕುಂಬ್ಡಾಜೆಯ ಮಾತು ಇವಳಿಗೆ ತಲುಪಿದ್ದು ಹೇಗೆ? ಕಾಗೆ ಬಂದು ಹೇಳಿತೋ? ಆಮೇಲೆ ಆಕೆ ಕತ್ತಿಯ ಮೇಣ ಒರೆಸಿ, ಗಂಟಲು ಸರಿಮಾಡಿಕೊಂಡು, ಸೊಸೆಗಿಂತ ಗಟ್ಟಿಯಾಗಿ ಹೇಳಿದಳು: "ಹೌದು ಮಾರಾಯ್ತಿ. ನನಗೂ ಯಾರೋ ಹೇಳಿದರು."

ಜಗಲಿಯಲ್ಲಿ ಎಲೆಯಡಿಕೆ ಕುಟ್ಟುವ ಸದ್ದು ನಿಂತಿತು.

"ಕಿಟ್ಟಣ್ಣ, ಕಡೆ ಹಂಚುವುದು ಯಾರು?"

"ನಾನೇ, ಭಟ್ರೇ."

"ಮತ್ತೆ ನನಗೆ ಯಾವ ಕಡೆ ಅಂತ ನೀನು ಹೇಳಲೇ ಇಲ್ಲ!"

"ನೀವೇ ಹೇಳಿದಿರಿ, ಕೇಡು ಅಂತ..."

"ನಾನು ಹಾಗೆ ಕೇಳ್ಲಿಕ್ಕುಂಟೋ? ಅದು ಬಾಯಿತಪ್ಪಿ ಬಂದದ್ದು. ಕಷ್ಟದ ಕಡೆ ಯಾವುದು?"

"ಕಾದಂಬರಿಯ ಪರವೇ ಕಷ್ಟ. ಊರಲ್ಲಿ ಓದಿದವರೇ ಇಲ್ಲವಲ್ಲ."

"ಹಾಗಾದರೆ ಅದನ್ನು ನನಗೆ ಕೊಡು."

"ನೀವು ಕೇಳ್ತಿದ್ದೀರೋ, ಭಟ್ರೇ?"

"ಛೆ, ನಾನು ಕೇಳುವುದೋ? ನೀನು ಕೊಡುವುದು. ಕೊಡು!"

ಕಿಟ್ಟಣ್ಣ ಮಾಸ್ಟ್ರು ಕೊಟ್ಟರು. ಅವರು ಅಂಗಳ ದಾಟಿದ ಮೇಲೆ ಶಂಕರಿಯಮ್ಮ ಸೊಳೆಯಿಂದ ತಲೆ ಎತ್ತದೆ ಕೇಳಿದಳು: "ನಿಜಕ್ಕೂ ಹೇಳಿದನೋ ಆ ಶ್ಯಾನುಭಾಗ?"

"ಹೇಳಿರಬಹುದು ಅತ್ತೆ. ಹೇಳದಿದ್ದರೆ ಹೇಳಬೇಕಿತ್ತು."

ಮರುದಿನ ಬೆಳಿಗ್ಗೆ ಭಟ್ಟರು ಹಪ್ಪಳದ ಕೆಲಸ ನಡೆಯುತ್ತಿದ್ದಲ್ಲಿಗೆ ಬಂದು ನಿಂತರು. ಬೇಯಿಸಿದ ಸೊಳೆಯನ್ನು ಒರಳಿನಲ್ಲಿ ಕುಟ್ಟಿ ಆಗಿತ್ತು. ತುಂಗಾ ಉಂಡೆ ಕಟ್ಟುತ್ತಿದ್ದಳು, ಶಂಕರಿಯಮ್ಮ ಎರಡು ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುತ್ತಿದ್ದಳು. ಭಟ್ಟರು ಆಕಾಶ ನೋಡಿದರು, ಚಾಪೆ ನೋಡಿದರು, ಆಮೇಲೆ ಯಾರಿಗೋ ಹೇಳುವ ಹಾಗೆ, "ಆ ಸರಯೂವಿನದ್ದು ಎಂತ ಕಥೆ? ಸಾರ ಇಷ್ಟು ಹೇಳಿದರೆ ಸಾಕು" ಎಂದರು.

"ಕಾದಂಬರಿಯ ಸಾರ ಹೇಳಿದರೆ ಹಲಸಿನ ಹಣ್ಣು ಕೇಳಿದವರಿಗೆ ಅದರ ಬೀಜ ಕೊಟ್ಟ ಹಾಗೆ ಮಾವ. ಓದಬೇಕು."

"ಶ್ಯಾನುಭಾಗ ಓದಿರುತ್ತಾನೋ?"

"ಕುಂಬ್ಡಾಜೆಗೆ ಮಂಗಳೂರಿನಿಂದ ಪುಸ್ತಕ ಬರುತ್ತದಂತೆ" ಎಂದಳು ಶಂಕರಿಯಮ್ಮ, ಮಣೆಯನ್ನು ಒಂದು ಸುತ್ತು ಜಾಸ್ತಿಯೇ ಒತ್ತಿ.

ಸ್ವಲ್ಪ ಹೊತ್ತಿಗೆ ಮಾಳಿಗೆಯ ಏಣಿ ಕಿರುಗುಟ್ಟಿತು. ಕೇಳಿದರೆ ಹಳೆಯ ಪಂಚಾಂಗ ಹುಡುಕಲಿಕ್ಕೆ ಎಂದು ಉತ್ತರ. ಆ ವಾರವಿಡೀ ಭಟ್ಟರು ಪಂಚಾಂಗ ಹುಡುಕಿದರು. ಸ್ನಾನ ತಡವಾಯಿತು, ಊಟ ಆರಿತು. ಜಪದ ಹೊತ್ತಿಗೂ ಮಾಳಿಗೆಯಿಂದ ಪುಟ ಮಗುಚುವ ಸದ್ದು ಬರುತ್ತಿತ್ತು. ಒಂದು ದಿನ ಕೆಳಗೆ ಇಳಿದವರ ಕಣ್ಣು ಕೆಂಪಾಗಿತ್ತು. "ಮಾಳಿಗೆಯಲ್ಲಿ ಎಂತ ಧೂಳು!" ಎಂದರು. ಹೆಂಡತಿ, "ಹೌದು, ಈ ವರ್ಷ ಧೂಳು ಜಾಸ್ತಿ" ಎಂದು ಒಪ್ಪಿಕೊಂಡಳು.

ಅವರು ಇಳಿದು ಬಂದಾಗಲೆಲ್ಲ ಒಂದು ಪ್ರಶ್ನೆ ಇರುತ್ತಿತ್ತು. ಹಪ್ಪಳದ ಚಾಪೆಗೆ ಕಾಗೆ ಬಾರದ ಹಾಗೆ ಕೋಲು ಹಿಡಿದು ಕೂರುವ ನೆಪದಲ್ಲಿ ಅದನ್ನು ತೆಗೆಯುತ್ತಿದ್ದರು.

"ಇಲ್ಲಿ ಕೇಳು ಕೂಸೇ. ಕಾವ್ಯದಲ್ಲಿ ಕಥೆ ಎಲ್ಲರಿಗೂ ಗೊತ್ತುಂಟು. ಗೊತ್ತಿದ್ದೂ ಕೇಳ್ತೇವೆ, ಯಾಕೆಂದರೆ ಬೇಕಾದ್ದು ಕಥೆಯಲ್ಲ, ರಸ. ಇದರಲ್ಲಿ ಮುಂದೆ ಎಂತ ಅಂತ ಗೊತ್ತಿಲ್ಲ, ಅದಕ್ಕೇ ಓಡಿಸಿಕೊಂಡು ಹೋಗುತ್ತದೆ. ಇದು ರಸವೋ, ಬರೀ ಚಪಲವೋ?"

"ಚಪಲವಾದರೆ ಒಮ್ಮೆ ಓದಿ ಬಿಟ್ಟುಬಿಡಬೇಕು. ನಾನು ಅದನ್ನು ಮತ್ತೆ ಮತ್ತೆ ಓದಿದ್ದೇನೆ."

"ಕಥೆ ಗೊತ್ತಾದ ಮೇಲೂ? ಎಂತಕ್ಕೆ?"

"ಈ ಸಲವಾದರೂ ಅವಳು ದೋಣಿ ಹತ್ತಲಿಕ್ಕಿಲ್ಲವೋ ಅಂತ."

ಒಂದು ಕಾಗೆ ಬಂದು ನಿರ್ಭಯವಾಗಿ ಹಪ್ಪಳ ಕುಕ್ಕಿತು. ಭಟ್ಟರು ಕೋಲೆತ್ತಲಿಲ್ಲ.

ಇನ್ನೊಂದು ದಿನ ಅವರು ಗೆದ್ದೆ ಎಂಬ ಮುಖದಲ್ಲಿಯೇ ಬಂದರು. "ಎಲ್ಲ ಸರಿ, ಸರಯೂ ಇರಲೇ ಇಲ್ಲವಲ್ಲ! ಯಾರೋ ಒಬ್ಬ ಕೂತು ಕಟ್ಟಿದ್ದು. ಇಲ್ಲದವಳ ಸುಖ ಎಂತದು, ದುಃಖ ಎಂತದು?"

"ನೀವು ಚಾಪೆಯಲ್ಲಿ ರಾಜನಾಗಿ ಕೂತಾಗ ರಾಜ ಇದ್ದನೋ ಮಾವ?"

"ರಾಜ ಇಲ್ಲದಿದ್ದರೆ ಏನು, ನಾನಿದ್ದೆನಲ್ಲ!"

"ಇಲ್ಲಿ ಓದುವವಳು ಇದ್ದಾಳೆ."

"ಭೇಷ್!" ಎಂದರು ಭಟ್ಟರು. ಬಾಯಿ ತಪ್ಪಿ ಬಂದದ್ದಲ್ಲ, ಎದುರಾಳಿಗೆ ಒಳ್ಳೆಯ ಮಾತು ಬಿದ್ದಾಗ ಚಾಪೆಯಲ್ಲಿ ಅವರು ಹೇಳುತ್ತಿದ್ದ ಭೇಷ್ ಅದು. ಆಮೇಲೆ ಮುಖ ಗಂಟು ಹಾಕಿ, "ಇದನ್ನು ನಾನು ಭಾನುವಾರ ಹೇಳ್ತೇನೆ. ನೀನು ಹೇಳಿದ್ದು ಅಂತ ಹೇಳ್ಲಿಕ್ಕಿಲ್ಲ" ಎಂದರು.

ಗೌರೀಶಂಕರ ಹೋದ ಮೇಲೆ ಆ ಮನೆಯಲ್ಲಿ ಮಾವ ಸೊಸೆಯ ನಡುವೆ ಊಟಕ್ಕಾಯಿತು, ನೀರು ಕಾದಿದೆ ಎಂಬುದನ್ನು ಬಿಟ್ಟು ಬೇರೆ ಮಾತು ಇರಲಿಲ್ಲ. ಈಗ ಬಿಸಿಲು ಇಳಿಯುವ ತನಕ ರಸ, ಸತ್ಯ, ಕಲ್ಪನೆ. ಆ ವಾರದ ಹಪ್ಪಳಗಳು ಕೆಲವು ದಪ್ಪ, ಕೆಲವು ಓರೆ. ಶಂಕರಿಯಮ್ಮ ಅದಕ್ಕೆ ಏನೂ ಹೇಳಲಿಲ್ಲ. ನಡುವೆ ಒಂದು ದಿನ ಆಕೆ ಕುಂಬ್ಡಾಜೆಗೆ ಒಂದು ಉಪನಯನದ ಊಟಕ್ಕೆ ಹೋಗಿದ್ದಳು. ಶ್ಯಾನುಭಾಗರ ಹೆಂಡತಿಯ ಪಕ್ಕದ ಎಲೆಯಲ್ಲಿಯೇ ಕೂತಿದ್ದಳಂತೆ. ಬಂದವಳು ತುಂಬ ಸಂತೋಷದಲ್ಲಿದ್ದಳು. ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿದಳು.

ಭಾನುವಾರ ಮಧ್ಯಾಹ್ನ ವಾಚನಾಲಯದಲ್ಲಿ ಜಾಗ ಸಾಲದೆ ಶಾಲೆಯಲ್ಲಿ ಚಾಪೆ ಹಾಸಿದರು. ಕಾರಡ್ಕದಿಂದಲೂ ಜನ ಬಂದಿದ್ದರು. ಹೆಂಗಸರು ಹೊರಗಿನ ಚಾವಡಿಯಲ್ಲಿ ಕಿಟಕಿಯ ಹತ್ತಿರ. ತುಂಗಾ ಅತ್ತೆಯ ಹಿಂದೆ, ಗೋಡೆಗೆ ಒರಗಿ ಕೂತಳು. ಪೆಟ್ಟಿಗೆ ಹೋಗುವುದಕ್ಕೆ ಇನ್ನು ಮೂರೇ ದಿನ. ಮಾವ ಸೋತರೆ ಆ ಕೋಪಕ್ಕೆ ಪೆಟ್ಟಿಗೆ ಇವತ್ತೇ ಹೋಗುತ್ತದೆ. ಗೆದ್ದರೆ ತಾನು ಹೇಳಿದ ಮಾತಿಗೆ ತಾನೇ ಕಟ್ಟುಬೀಳಬಹುದು. ಅವಳ ಲೆಕ್ಕ ಇಷ್ಟೇ.

ಶ್ಯಾನುಭಾಗರು ಸಣಕಲು ಮನುಷ್ಯ. ಕನ್ನಡಕವನ್ನು ಹಣೆಗೇರಿಸಿ ಶುರು ಮಾಡಿದರೆ ಎದುರಿನವರಿಗೆ ಸೆಕೆ ಹತ್ತುತ್ತಿತ್ತು. ಕಾದಂಬರಿ ಓದಿದ ಹುಡುಗ ಗದ್ದೆಗೆ ಇಳಿಯುವುದಿಲ್ಲ, ಓದಿದ ಹುಡುಗಿ ಅಡಿಗೆಗೆ ಉಪ್ಪು ಹಾಕುವುದಿಲ್ಲ, ಹಾಕಿದರೆ ಎರಡು ಸಲ ಹಾಕುತ್ತಾಳೆ ಎಂದು ಅವರು ಸಭೆಯನ್ನು ಮೊದಲೇ ನಗಿಸಿ ತಮ್ಮ ಕಡೆ ಮಾಡಿಕೊಂಡರು. ಭಟ್ಟರು, "ಉಪ್ಪು ಎರಡು ಸಲ ಬಿದ್ದ ಸಾರು ಶ್ಯಾನುಭಾಗರು ಉಂಡಿದ್ದಾರೆ ಅಂತ ಆಯ್ತು. ಹಾಗಾದರೆ ಅವರ ಮನೆಯಲ್ಲಿ ಕಾದಂಬರಿ ಉಂಟು" ಎಂದು ಅದನ್ನು ಕಸಿದುಕೊಂಡರು. ಹೀಗೆ ಒಂದಿಷ್ಟು ಹೊತ್ತು ಚೆಂಡು ಆಚೆ ಈಚೆ ಹೋಯಿತು. ಭಟ್ಟರ ಮಾತಿನಲ್ಲಿ ಚಾಪೆಯ ರಾಜನೂ ಬಂದ, ಓದುವವಳೂ ಬಂದಳು. ಸಭೆ ತಲೆದೂಗಿತು.

ಆಗ ಶ್ಯಾನುಭಾಗರು ಕನ್ನಡಕ ಇಳಿಸಿದರು. "ಭಟ್ರೇ, ಕಾದಂಬರಿ ಅಷ್ಟು ಅಮೃತವಾದರೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಕಾದಂಬರಿ ಉಂಟಂತೆ. ಅದಕ್ಕೆ ಬೀಗ ಹಾಕಿದ್ದು ಯಾರು?"

ಚಾವಡಿಯಲ್ಲಿ ಹೆಂಗಸರೆಲ್ಲ ಒಮ್ಮೆಗೇ ತುಂಗಾಳ ಕಡೆ ತಿರುಗಿದರು. ತುಂಗಾ ಅತ್ತೆಯ ಕಡೆ ನೋಡಿದಳು. ಶಂಕರಿಯಮ್ಮ ಕಿಟಕಿಯ ಸರಳು ಎಣಿಸುತ್ತಿದ್ದಳು.

ಭಟ್ಟರು ಮೀಸೆ ಇಲ್ಲದ ತುಟಿಯನ್ನು ಒಮ್ಮೆ ಒರೆಸಿಕೊಂಡರು. "ನಾನೇ ಹಾಕಿದ್ದು. ಎದೆಯ ಮೇಲೆಯೇ ಉಂಟು ನೋಡಿ ಬೀಗದ ಕೈ. ಶ್ಯಾನುಭಾಗರೇ, ನಿಮ್ಮ ಮನೆಯಲ್ಲಿ ಬಂಗಾರಕ್ಕೆ ಬೀಗ ಹಾಕುತ್ತೀರೋ, ಹಿತ್ತಿಲ ಕಸಕ್ಕೋ?"

ಶಾಲೆಯ ಹೆಂಚು ಹಾರುವ ಹಾಗೆ ಜನ ನಕ್ಕರು. ಕಿಟ್ಟಣ್ಣ ಮಾಸ್ಟ್ರಂತೂ ಅಧ್ಯಕ್ಷತೆ ಮರೆತು ತೊಡೆ ತಟ್ಟಿಕೊಂಡರು. ಆದರೆ ಶ್ಯಾನುಭಾಗರು ನಗು ಇಳಿಯುವ ತನಕ ಕಾದರು. ಅವರ ಹತ್ತಿರ ಇನ್ನೊಂದು ಇತ್ತು.

"ಆಗಲಿ. ಮನೆಯಲ್ಲಿ ಸಾವಾದಾಗ ಬಾರದ ಕಣ್ಣೀರು ಪುಸ್ತಕದ ಯಾರೋ ಇಲ್ಲದವಳಿಗೆ ಬರುತ್ತದಲ್ಲ, ಭಟ್ರೇ, ಇದು ಕೇಡಲ್ಲದೆ ಮತ್ತೆಂತದು?"

ಹೇಳಿದ ಮೇಲೆ ಶ್ಯಾನುಭಾಗರಿಗೂ ಹೇಳಬಾರದಿತ್ತು ಅನಿಸಿರಬೇಕು, ಕನ್ನಡಕ ಒರೆಸಲಿಕ್ಕೆ ಶುರು ಮಾಡಿದರು. ಅದು ಭಟ್ಟರದ್ದೇ ಮಾತು. ತಮ್ಮ ಮನೆಯ ಹಿತ್ತಿಲಲ್ಲಿ ಆಡಿದ್ದು ಎದುರಾಳಿಯ ಬಾಯಿಯಿಂದ ಬರುವುದನ್ನು ಅವರು ಕೇಳಿದರು. ಅದನ್ನು ಈಗ ಅವರೇ ಸೋಲಿಸಬೇಕು. ತುಂಗಾ ಸೆರಗಿನ ಅಂಚನ್ನು ಹಿಡಿದುಕೊಂಡಳು.

ಭಟ್ಟರು ಕೂಡಲೇ ಮಾತಾಡಲಿಲ್ಲ. ಅವರು ತಡೆದದ್ದನ್ನು ಆ ಊರು ಅದೇ ಮೊದಲು ನೋಡಿದ್ದು.

"ಶ್ಯಾನುಭಾಗರೇ" ಎಂದರು ಕೊನೆಗೆ, ಚಾಪೆಯ ದನಿಯಲ್ಲಲ್ಲ, ಮನೆಯ ದನಿಯಲ್ಲಿ. "ಬಾವಿ ಬತ್ತಿದೆ ಅಂತ ಜನ ಹೇಳ್ತಾರೆ. ಬತ್ತಿರುವುದಿಲ್ಲ. ಮೇಲೆ ಕಲ್ಲು ಬಿದ್ದಿರುತ್ತದೆ. ನಮ್ಮದೇ ದುಃಖ ನಮಗೆ ಕಲ್ಲು. ನಾವು ಅದನ್ನು ಎತ್ತಲಿಕ್ಕಾಗುವುದಿಲ್ಲ, ಯಾಕೆಂದರೆ ನಾವು ಅದರ ಅಡಿಯಲ್ಲೇ ಇರುತ್ತೇವೆ. ಯಾರೋ ಇಲ್ಲದವಳು ಬಂದು, ಆಚೆಯಿಂದ ಸ್ವಲ್ಪ ಸರಿಸುತ್ತಾಳೆ. ನೀರು ಬರುವುದು ಅವಳದ್ದಲ್ಲ. ನಮ್ಮದೇ." ಎದೆಯ ಮೇಲಿನ ಬೀಗದ ಕೈಯನ್ನು ಮುಟ್ಟಿಕೊಂಡು ಮತ್ತೆ ಹೇಳಿದರು: "ಇದನ್ನು ನಾನು ಓದಿ ಹೇಳುವುದು. ಮಾಳಿಗೆಯಲ್ಲಿ ಧೂಳು ಅಂತ ಹೇಳಿದ್ದೆ. ಧೂಳಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಶ್ಯಾನುಭಾಗರು ತಮ್ಮ ಚಾಪೆಯಿಂದ ಎದ್ದು ಬಂದು ಭಟ್ಟರ ಕೈ ಹಿಡಿದು, "ನನ್ನ ಕಡೆ ಮುಗಿಯಿತು" ಎಂದರು. ತುಂಗಾಳ ಕಣ್ಣು ಒದ್ದೆಯಾಗಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಚುಚ್ಚುತ್ತದಲ್ಲ, ಹಾಗೆ ಎಲ್ಲೋ ಚುಚ್ಚಿತು. ಅವಳು ಎದ್ದು ನಿಂತಳು.

ದಾರಿಯಲ್ಲಿ ಅವಳು ಅತ್ತೆಗೆ ಹೇಳಿದಳು: "ಉಪನಯನದ ಊಟ ಭಾರಿ ಚೆನ್ನಾಗಿತ್ತು ಕಾಣ್ತದೆ."

"ಹೋಳಿಗೆ ಮಾಡಿದ್ದರು" ಎಂದಳು ಶಂಕರಿಯಮ್ಮ. "ಬಾಯಿ ಸಿಹಿಯಾದರೆ ಮಾತು ತಾನಾಗಿ ಜಾರುತ್ತದೆ."

ಗೆದ್ದು ಬಂದ ಭಟ್ಟರು ಕಾಲು ತೊಳೆದು ಜಗಲಿಯಲ್ಲಿ ಕೂತರು. ತುಂಗಾ ಚೊಂಬು ತಂದಿಟ್ಟು, ಹೋಗದೆ ನಿಂತಳು.

"ಮಾವ, ಬೀಗದ ಕೈ?"

"ಯಾವ ಬೀಗದ ಕೈ?"

"ಕಾದಂಬರಿ ಬಂಗಾರ ಅಂತ ನೀವೇ ಹೇಳಿದಿರಲ್ಲ."

ಭಟ್ಟರು ಗೆದ್ದವನ ದಯೆಯಿಂದ ಅವಳನ್ನು ನೋಡಿದರು. "ಕೂಸೇ, ಅದು ಅರ್ಥ. ಕೂತ ಕಡೆಯ ಮಾತು. ಚಾಪೆ ಮಡಚಿದ ಮೇಲೆ ಅದು ನನ್ನದೂ ಅಲ್ಲ, ನಿನ್ನದೂ ಅಲ್ಲ. ರಾಜನಾಗಿ ಕೂತವ ಮರುದಿನ ಊರಿನಿಂದ ಕಪ್ಪ ಕೇಳ್ಲಿಕ್ಕುಂಟೋ? ವೆಂಕಟಕೃಷ್ಣನಿಗೆ ಹೇಳಿ ಆಗಿದೆ. ಪೆಟ್ಟಿಗೆ ಹೋಗುತ್ತದೆ."

ಮಾತಿನಲ್ಲಿ ಅವರಿಗೆ ತಪ್ಪಿಸಿಕೊಳ್ಳುವ ಕಿಂಡಿ ಯಾವಾಗಲೂ ಇರುತ್ತದೆ. ಇದನ್ನು ತಾನು ಮೊದಲೇ ಯೋಚಿಸಬೇಕಿತ್ತು ಎಂದು ತುಂಗಾ ಒಳಗೆ ಬಂದಳು. "ಸಭೆಯಲ್ಲಿ ಧೂಳಲ್ಲ ಅಂದದ್ದೂ ಅರ್ಥವೇ ಇರಬೇಕು" ಎಂದು ಅಡಿಗೆಮನೆಯಿಂದ ಶಂಕರಿಯಮ್ಮ ಕೇಳಿದಳು. ಜಗಲಿಯಲ್ಲಿ ಎಲೆಯಡಿಕೆ ಕುಟ್ಟುವ ಸದ್ದು ಜೋರಾಯಿತು. ಬೀಗದ ಕೈ ಮಾತ್ರ ಬರಲಿಲ್ಲ.

ಮರುದಿನ ಭಟ್ಟರು ಪುನಃ ಮಾಳಿಗೆ ಹತ್ತಿದರು. ಸರಯೂವಿನ ಕಥೆಯಲ್ಲಿ ಕೊನೆಯ ಕೆಲವು ಪುಟ ಓದಲಿಕ್ಕೆ ಬಾಕಿ ಇತ್ತು, ಆದರೆ ಹೇಳಿದ್ದು ಬೇರೆ. ಕೊಟ್ಟು ಕಳಿಸುವ ಮೊದಲು ಪುಸ್ತಕಗಳಿಗೆ ಬಿಸಿಲು ತಾಗಿಸಬೇಕಂತೆ. ಅವರು ಹೋಗಿ ಬಹಳ ಹೊತ್ತಾದ ಮೇಲೆ ಏಣಿ ಎಂದಿಗಿಂತ ಜೋರಾಗಿ ಕಿರುಗುಟ್ಟಿತು. ಕೈಯಲ್ಲಿ ತೆರೆದ ಪುಸ್ತಕ, ಮೂಗಿನ ಮೇಲೆ ಕನ್ನಡಕ, ಹೆಗಲ ಮೇಲೆ ಜೇಡರ ಬಲೆ.

"ಇದೆಂತ ಅನ್ಯಾಯ! ಅವಳು ತಿರುಗಿ ಬಂದಿದ್ದಾಳೆ, ಗಂಡನ ಮನೆಯ ಬಾಗಿಲು ಬಡಿದಿದ್ದಾಳೆ, ಒಳಗಿನಿಂದ ಅತ್ತೆ ಯಾರದು ಅಂತ ಕೇಳಿದ್ದಾಳೆ. ಅಲ್ಲಿಗೆ 'ಮೊದಲನೆಯ ಭಾಗ ಮುಗಿಯಿತು' ಅಂತ ಅಚ್ಚು ಹಾಕಿದ್ದಾನೆ! ಎರಡನೆಯ ಭಾಗ ಎಲ್ಲಿ?"

"ಪೆಟ್ಟಿಗೆಯಲ್ಲಿ ಇಲ್ಲ ಮಾವ."

"ಪೆಟ್ಟಿಗೆಯನ್ನು ಬುಡಮೇಲು ಮಾಡಿ ನೋಡಿದೆ, ಇಲ್ಲ ಅಂತ ನನಗೂ ಗೊತ್ತುಂಟು. ಅತ್ತೆ ಬಾಗಿಲು ತೆಗೆದಳೋ ಇಲ್ಲವೋ?"

ತುಂಗಾ ಉಂಡೆ ಕಟ್ಟುವುದನ್ನು ನಿಲ್ಲಿಸಿದಳು. ಎರಡನೆಯ ಭಾಗವನ್ನು ಅವಳೂ ನೋಡಿರಲಿಲ್ಲ. ತರುತ್ತೇನೆ ಎಂದಿದ್ದವನು ತರುವ ಮೊದಲೇ ಹೋಗಿದ್ದ. ನಾನೂ ಓದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಮಾವನ ಮುಖ ನೋಡಿದಳು. ಸೀಮೆಯ ಮಹಾ ಅರ್ಥಧಾರಿ ಜಾತ್ರೆಯಲ್ಲಿ ಮಿಠಾಯಿ ಕೇಳುವ ಮಗುವಿನ ಹಾಗೆ ನಿಂತಿದ್ದರು.

"ಅದನ್ನು ಕಾಲೇಜಿನ ಪುಸ್ತಕ ತಂದು ಓದಿದ್ದು ಮಾವ" ಎಂದಳು. "ಹೇಳಬಹುದಿತ್ತು. ಆದರೆ ನನ್ನ ನೆನಪು ಒಂದು ನಮೂನೆ. ಆ ಪುಸ್ತಕಗಳು ಮನೆಯಲ್ಲಿದ್ದು, ಬೇಕಾದಾಗ ಕೈಗೆ ಸಿಕ್ಕಿದರೆ ಎಲ್ಲ ನೆನಪಾಗುತ್ತದೆ. ವಿಟ್ಲಕ್ಕೆ ಹೋದರೆ ನೆನಪೂ ಗಾಡಿ ಹತ್ತಿ ಹೋಗುತ್ತದೆ."

"ಇದು ನಿಜವೋ, ಅರ್ಥವೋ?"

"ಕೂತ ಕಡೆಯ ಮಾತು ಮಾವ. ನಾನು ಈಗ ಹಪ್ಪಳದ ಹತ್ತಿರ ಕೂತಿದ್ದೇನೆ."

ಭೇಷ್ ಎನ್ನಲಿಕ್ಕೆ ಬಾಯಿಯ ತನಕ ಬಂದದ್ದನ್ನು ಭಟ್ಟರು ನುಂಗಿಕೊಂಡದ್ದು ಕಾಣಿಸಿತು.

ವಿಷುವಿನ ಮರುದಿನ ವೆಂಕಟಕೃಷ್ಣ ಗಾಡಿ ತಂದು ನಿಲ್ಲಿಸಿ, "ಪೆಟ್ಟಿಗೆ ಎಲ್ಲಿ ಮಾವಯ್ಯ?" ಎಂದು ಕೇಳಿದ.

"ಅದಕ್ಕೆ ಗೆದ್ದಲು ಹಿಡಿದಿದೆ ಮಾರಾಯ."

"ತಗಡಿನ ಪೆಟ್ಟಿಗೆಗೆ ಗೆದ್ದಲೋ?"

"ಈ ವರ್ಷ ಗೆದ್ದಲು ಜೋರು. ನೀನು ಹಪ್ಪಳ ತೆಗೆದುಕೊಂಡು ಹೋಗು."

ಅವನು ಓರೆ ಹಪ್ಪಳಗಳ ಒಂದು ದೊಡ್ಡ ಕಟ್ಟು ತೆಗೆದುಕೊಂಡು ಹೋದ. ಪೆಟ್ಟಿಗೆ ಮಾಳಿಗೆಯಿಂದ ಇಳಿದು ತುಂಗಾಳ ಕೋಣೆಗೆ ಬಂತು. ಬೀಗದ ಕೈ ಅದರ ಮೇಲೆಯೇ ಇತ್ತು.

ಆ ಮಧ್ಯಾಹ್ನ ಭಟ್ಟರು ಕಾಗೆಯ ಕೋಲು ಹಿಡಿದು ಚಾಪೆಯ ಪಕ್ಕ ಕೂತರು. "ಹೂಂ. ಯಾರದು ಅಂತ ಕೇಳಿದಳು. ಮುಂದೆ?"

ತುಂಗಾಳಿಗೆ ಮುಂದೆ ಏನೂ ಗೊತ್ತಿರಲಿಲ್ಲ. ಅವಳು ಉಂಡೆಯನ್ನು ಬೆರಳಲ್ಲಿ ತಿರುಗಿಸಿದಳು. ಎಲ್ಲಿಯೋ ಒಬ್ಬಳು ಬಾಗಿಲ ಹೊರಗೆ ನಿಂತಿದ್ದಾಳೆ. ಮಾತಾಡಬೇಕು, ಆಗುವುದಿಲ್ಲ.

"ಸರಯೂ ಉತ್ತರ ಕೊಡಲಿಲ್ಲ" ಎಂದು ಶುರು ಮಾಡಿದಳು. "ಹೆಸರು ಹೇಳಿದರೆ ಒಳಗಿನವರಿಗೆ ಗುರುತು ಸಿಗಲಿಕ್ಕಿಲ್ಲ ಅಂತ ಅವಳಿಗೆ ಅನಿಸಿತು. ಅತ್ತೆ ದೀಪ ಹಿಡಿದು ಬಂದು, ಅಗುಳಿ ತೆಗೆದು..."

"ನಿಲ್ಲು ನಿಲ್ಲು" ಎಂದರು ಭಟ್ಟರು. "ಅದು ಹೇಗೆ? ಮಾನ ಕಳೆದು ಹೋದ ಸೊಸೆ. ಅಂಥ ಮನೆಯ ಅತ್ತೆ ಅಗುಳಿ ತೆಗೆಯಲಿಕ್ಕಿಲ್ಲ. ಪಾತ್ರಕ್ಕೆ ಒಪ್ಪುವುದಿಲ್ಲ."

"ತೆಗೆಯುತ್ತಾಳೆ" ಎಂದಳು ಶಂಕರಿಯಮ್ಮ, ಮಣೆ ಒತ್ತುತ್ತಾ.

"ನೀನು ಓದಿದ್ದೀಯೋ?"

"ಓದಬೇಕೋ? ನಾನೂ ಅತ್ತೆಯೇ. ಸುಮ್ಮನೆ ಕೂತು ಕಾಗೆ ಓಡಿಸಿ. ನೀನು ಹೇಳು ಕೂಸೇ, ಬಾಗಿಲು ತೆಗೆದಳು. ಆಮೇಲೆ?"